ಅಂಗೈಯಲ್ಲಿ ಎರಡು

ಫೈಲೊಂದನ್ನು ಬಿಟ್ಟು ಬೇರೇನನ್ನೂ ಒಳಗೆ ತರುವಂತಿಲ್ಲವೆಂದು ವೀಸಾ ಕೇಂದ್ರದ ಬಾಗಿಲ ಕಾವಲಿನವನು ತಮಿಳಿನಲ್ಲಿ ಮೂರನೆಯ ಸಲ ಹೇಳಿದಾಗ ಶರಣ್ಯಾ ಬ್ಯಾಗು ಕೊಟ್ಟಳು, ಮೊಬೈಲು ಕೊಟ್ಟಳು, ಮನೆಯ ಬೀಗದಕೈ, ನೀರಿನ ಬಾಟಲಿ, ಕಿವಿಗೆ ಸಿಕ್ಕಿಸಿಕೊಳ್ಳುವ ಆ ಎರಡು ಬಿಳಿ ಗುಂಡಿಗಳನ್ನೂ ಕೊಟ್ಟಳು. ಕೊಡುವುದೆಲ್ಲ ಮುಗಿದ ಮೇಲೂ ಉಮಾಮಹೇಶ್ವರಿಯ ಎಡಗೈ ಚಾಚಿಕೊಂಡೇ ಇತ್ತು. ಮಗಳು ಆ ಕೈಯನ್ನೊಮ್ಮೆ ನೋಡಿದಳು; ಆಮೇಲೆ ಕುರ್ತಾದ ಕೊರಳೊಳಗಿಂದ ಶಿವದಾರವನ್ನು ಎಳೆದು, ಕೂದಲಿಗೆ ಸಿಕ್ಕದ ಹಾಗೆ ತಲೆ ಬಗ್ಗಿಸಿ ತೆಗೆದು, ಬೆಳ್ಳಿಯ ಕರಡಿಗೆಯನ್ನು ಒಳಗಿನ ಇಷ್ಟಲಿಂಗದ ಸಮೇತ ಅಮ್ಮನ ಅಂಗೈಯ ನಡುವೆ ಇಟ್ಟಳು. "ಬೀಪ್ ಆಗತ್ತಲ್ಲಮ್ಮಾ," ಎಂದು ನಕ್ಕು ಗಾಜಿನ ಬಾಗಿಲೊಳಗೆ ಹೋದಳು. ಕರಡಿಗೆ ಬಿಸಿಯಾಗಿತ್ತು, ಇಪ್ಪತ್ತಮೂರು ವರ್ಷದ ಮೈಯ ಬಿಸಿ. ಏಳು ವರ್ಷದ ಹಿಂದೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಇದೇ ಬಿಸಿ ಇದೇ ಅಂಗೈಗೆ ಬಂದಿತ್ತು. ಬೀಪ್ ಆಗುತ್ತದೆಂಬ ಮಾತನ್ನು ಅವತ್ತು ಆಡಿದವಳು ಮಾತ್ರ ಉಮಾಮಹೇಶ್ವರಿ. ತಾನಾಡಿದ ಸುಳ್ಳು ಮಗಳ ಬಾಯಲ್ಲಿ ಇಷ್ಟು ವರ್ಷ ಕೂತಿದ್ದು ನುಂಗಂಬಾಕ್ಕಂ ರಸ್ತೆಯ ಬಿಸಿಲಿನಲ್ಲಿ ನಗುನಗುತ್ತ ಎದುರಾಗುತ್ತದೆಂದು ಅವಳು ಎಣಿಸಿರಲಿಲ್ಲ.

ಕೈಚೀಲಕ್ಕೆ ಹಾಕುವ ಹಾಗಿರಲಿಲ್ಲ, ಪಕ್ಕದಲ್ಲಿಟ್ಟು ಕೂರುವ ಹಾಗಿರಲಿಲ್ಲ. ಕೊರಳಿಗೆ ಹಾಕಿಕೊಳ್ಳೋಣವೆಂದರೆ ಅಲ್ಲಿ ತನ್ನದು ಇತ್ತು, ತನ್ನದೆಂದುಕೊಂಡದ್ದು. ಮುಚ್ಚಿದ ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ, ಬೇರೆ ತಂದೆತಾಯಿಗಳ ಸಾಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಗಾಬರಿ ಬೀಳುವ ಹೆಂಗಸಲ್ಲ ಅವಳು. ಎಗ್ಮೋರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ. ದಿನಕ್ಕೆ ನಾನೂರು ಟ್ಯೂಬು ಅವಳ ಕಣ್ಣಳತೆಯಲ್ಲಿ ಹಾದು ಹೋಗುತ್ತವೆ, ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಿದ್ದು ಈವರೆಗೆ ಒಂದೂ ಇಲ್ಲ. ಮೊದಲು ಹೆಸರು ಬರೆದು ಅಂಟಿಸು, ಆಮೇಲೆ ಸೂಜಿ ಚುಚ್ಚು ಎಂದು ಹೊಸ ಹುಡುಗಿಯರಿಗೆ ಹೇಳಿಕೊಡುವಾಗ ಅವಳ ದನಿಗೆ ಎದುರು ಮಾತಿರುವುದಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಆ ಲ್ಯಾಬಿನಲ್ಲಿ ಅವಳು ಆಡಿದ್ದನ್ನು ಕೇಳಿದವರಿಲ್ಲ. ಇವತ್ತು ಬೆಳಿಗ್ಗೆಯೂ ತಾಂಬರಂ ಗಾಡಿಯಲ್ಲಿ, ಹದಿನೈದು ವರ್ಷದಿಂದ ಅದೇ ಹೆಂಗಸರ ಡಬ್ಬಿಯಲ್ಲಿ ಪೇರಳೆಹಣ್ಣು ಮಾರುವ ಬೇಬಿ ಶರಣ್ಯಾಳ ಗಲ್ಲ ಸವರಿ, ಪಾಪ್ಪಾ ಮತ್ತೆ ಹೊರಟಿತಾ, ಈ ಸಲವೂ ತಿರುಗಿ ಬರುತ್ತದಾ ಎಂದು ಕೇಳಿದಾಗ ಉಮಾಮಹೇಶ್ವರಿ ರಿಪೋರ್ಟು ಓದುವ ಹಾಗೆ ಹೇಳಿದ್ದಳು: "ಕಂಡಿಪ್ಪಾ ವರುವಾ." ಬಂದೇ ಬರುತ್ತಾಳೆ. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಪ್ಯಾರೀಸ್ ಕಾರ್ನರಿನ ಮೆಣಸಿನಕಾಯಿ ಅಂಗಡಿಯಿಂದ ಗಂಡ ಶಿವಶರಣ ಫೋನು ಮಾಡಿದ. ಹಿಂದೆ ಮೂಟೆ ಇಳಿಸುವವರ ಗದ್ದಲ, ಅವನ ಸೀನು. ಒಳಗ ಹೋದ್ಲೇನು ಅಂದ; ಹೋದ್ಲು ಅಂದಳು. ಉಪವಾಸ ಕುಂದ್ರಬ್ಯಾಡ ಅಂದು ಇಟ್ಟ. ಕಿವಿಗೆ ಬಿದ್ದ ಕನ್ನಡವನ್ನು ಹಿಡಿದುಕೊಂಡು ಪಕ್ಕದಲ್ಲಿದ್ದವರು ಹತ್ತಿರ ಸರಿದು ಕೂತರು. ಕೃಷ್ಣರಾಜ ಎಂದು ಹೆಸರು, ಉಡುಪಿ ಕಡೆಯವರು, ಪಲ್ಲಾವರದಲ್ಲಿ ಹೋಟೆಲು. ಮಗಳು ನಮಿತಾ ಒಳಗಿದ್ದಳು. ಮೊದಲ ಸಲ ಊರು ಬಿಟ್ಟು ಹೋಗುವವಳು. ತಮಗೆ ಬೆಳಗಿನಿಂದ ಕೈಕಾಲು ಆಡುತ್ತಿಲ್ಲ, ಇಡ್ಲಿ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿಸಿ ಬಂದೆ ಎಂದರು. ಉಮಾಮಹೇಶ್ವರಿ ಅವರಿಗೆ ಧೈರ್ಯ ಹೇಳಿದಳು. ಉಪ್ಪಿನಕಾಯಿಯನ್ನು ಎರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ಕುಕ್ಕರಿನ ಗ್ಯಾಸ್ಕೆಟ್ಟು ಒಂದು ಹೆಚ್ಚಿಗೆ ಇಡಿ, ಅಲ್ಲಿಯ ಜನ ಹತ್ತು ಮಾತಿಗೆ ಒಂದು ಉತ್ತರ ಕೊಡುತ್ತಾರೆ, ಅದನ್ನು ಸಿಟ್ಟು ಎಂದುಕೊಳ್ಳಬೇಡಿ. ನಮ್ಮಾಕಿ ಹದಿನಾರಕ್ಕ ಒಂದ ವರ್ಷ ಹೋಗಿ ಬಂದಾಕಿ, ಫಿನ್‌ಲ್ಯಾಂಡಿಗೆ, ಶಾಲಿಯಿಂದ. ಒಂದು ಮನ್ಯಾಗ ಮಗಳಂಗ ಇಟ್ಕೊಂಡಿದ್ರು. ಈಗ ಅದೇ ಊರಿಗೆ ಎಂಎಸ್ಸಿಗೆ ಹೊಂಟಾಳ, ಕೆರಿ ನೀರಿನ ಮ್ಯಾಲ ಓದ್ತಾಳಂತ. ತನ್ನ ಮಾತು ತನಗೇ ಹಿತವಾಗಿ ಕೇಳಿಸುತ್ತಿತ್ತು.

"ನಿಮಗೆಂತ ಹೆದರಿಕೆ ಹಾಗಾದ್ರೆ," ಎಂದರು ಕೃಷ್ಣರಾಜ. "ಒಂದು ಸಲ ಕಳಿಸಿ ನೋಡಿದವರು. ಅಲ್ಲ ಮಾರಾಯ್ರೆ, ಒಂದು ಕೇಳ್ತೇನೆ. ಹೋದವಳು ಹಾಗೆಯೇ ವಾಪಸು ಬಂದಳಾ, ಎಂತಾದರೂ ಬದಲಾಗಿತ್ತಾ?"

"ಏನೂ ಬದಲಾಗಿರಲಿಲ್ಲ," ಎಂದಳು ಉಮಾಮಹೇಶ್ವರಿ. "ಹೆಂಗ ಹೋಗಿದ್ಲೋ ಹಂಗ ಬಂದ್ಲು."

ಸೆರಗಿನೊಳಗೆ ಮುಷ್ಟಿ ಬಿಗಿಯಿತು. ಬದಲಾಗಿತ್ತು. ಮಗಳಲ್ಲ.

ಉಮಾಮಹೇಶ್ವರಿಯ ಅಪ್ಪ ಮುರುಗೆಪ್ಪ ಮಾಸ್ತರರು, ರಾಣೆಬೆನ್ನೂರಿನ ಮನೆಯಲ್ಲಿ ಎಂಟು ವರ್ಷದ ಅವಳಿಗೆ ಲಿಂಗದೀಕ್ಷೆಯಾದ ದಿನ, ಎದುರಿಗೆ ಕೂಡಿಸಿಕೊಂಡು ಹೇಳಿದ್ದರು: "ಇದು ನಿಂದು. ಇದನ್ನ ನಾ ಮುಟ್ಟಂಗಿಲ್ಲ, ನಿಮ್ಮವ್ವ ಮುಟ್ಟಂಗಿಲ್ಲ. ಮತ್ತೊಬ್ಬರದನ್ನ ನೀನೂ ಮುಟ್ಟಂಗಿಲ್ಲ." ಜ್ವರ ಬಂದಾಗಲೂ, ಹೆರಿಗೆಯ ಕೋಣೆಯಲ್ಲೂ ಮೈಬಿಡದ ವಸ್ತು ಅದು. ಗೊತ್ತಿದ್ದೂ ಗೊತ್ತಿದ್ದೂ ಏಳು ವರ್ಷದ ಹಿಂದೆ ಹದಿನಾರರ ಹುಡುಗಿಯ ಕೊರಳಿಂದ ಅದನ್ನು ಬಿಚ್ಚಿಸಿಕೊಂಡಿದ್ದಳು. ಬೆಳ್ಳಿ ಬೀಪ್ ಆಗುತ್ತದೆ, ತೆಗೆಸಿ ನೋಡುತ್ತಾರೆ, ಯಾರ್‍ಯಾರೋ ಮುಟ್ಟುತ್ತಾರೆ. ನನ್ನ ಹತ್ತಿರ ಇರಲಿ, ನಿನ್ನ ಪೂಜೆಯನ್ನು ನಾನೇ ಮಾಡುತ್ತೇನೆ. ಹುಡುಗಿ ಅಪ್ಪನ ಮುಖ ನೋಡಿತ್ತು, ಅಪ್ಪ ಟ್ರಾಲಿಯ ಚಕ್ರ ನೋಡುತ್ತಿದ್ದ. ಬಿಚ್ಚಿಕೊಟ್ಟು ಒಳಗೆ ಹೋಗುವಾಗ ಎರಡು ಸಲ ಎದೆ ಮುಟ್ಟಿಕೊಂಡಿದ್ದನ್ನು ಉಮಾಮಹೇಶ್ವರಿ ಹೊರಗಿನಿಂದ ಗಾಜಿನಲ್ಲಿ ಕಂಡಿದ್ದಳು, ಕರ್ಚೀಫು ಹುಡುಕುವವರ ಹಾಗೆ. ಆಮೇಲೆ ಇಡೀ ವರ್ಷ ನಾಲ್ಕೂವರೆಗೆ ಎದ್ದು ಮಿಂದು, ಎಡ ಅಂಗೈಯಲ್ಲಿ ಮೊದಲು ತನ್ನದು, ಅದನ್ನು ಕಟ್ಟಿಟ್ಟು ಆಮೇಲೆ ಮಗಳದು. ನೀರು, ವಿಭೂತಿ, ಒಂದೊಂದು ಪತ್ರಿ. ಐದು ನಲವತ್ತರ ಗಾಡಿ ಕಾಯುವುದಿಲ್ಲ. ತಿಂಗಳೆರಡು ಕಳೆಯುವುದರೊಳಗೆ ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳತೊಡಗಿದಳು. ಒಂದೇ ಅಂಗೈಯಲ್ಲಿ ಎರಡು. ತನ್ನದರ ಕಪ್ಪು ಲೇಪ ಬಿರುಕು ಬಿಟ್ಟಿತ್ತು, ಅದೇ ಗುರುತು. ಏಪ್ರಿಲ್ಲಿನಲ್ಲಿ ಶಿವಶರಣ ಊರಿನ ಮಠಕ್ಕೆ ಹೋಗುವಾಗ ಅದಕ್ಕೆ ಹೊಸ ಲೇಪ ಮಾಡಿಸಲು ಕೊಟ್ಟಳು. ಕೊಡುವಾಗ, ಮಗಳದೂ ಚೆಂದ ಕಾಣಲಿ, ಬರುವ ಹೊತ್ತಿಗೆ ಹೊಸದರ ಹಾಗಿರಲಿ ಎಂದು ಅದನ್ನೂ ಕೊಟ್ಟಳು. ಎರಡು ಬೇರೆ ಬೇರೆ ಕರಡಿಗೆಯಲ್ಲಿ ಹೋಗಿ ಬೇರೆ ಬೇರೆಯಾಗಿಯೇ ಬಂದವು. ಅವನ ಕಡೆಯಿಂದ ತಪ್ಪಾಗಲಿಲ್ಲ.

ತಪ್ಪಾದದ್ದು ಜೂನ್ ತಿಂಗಳಲ್ಲಿ, ಮಗಳು ಬರಲು ಮೂರು ವಾರ ಇರುವಾಗ. ಬೆಳಗಿನ ಐದು ಗಂಟೆಗೆ ಫೋನು. ಆ ಹೊತ್ತಿಗೆ ಬಂದ ಫೋನು ಒಳ್ಳೆಯದಿರುವುದಿಲ್ಲವೆಂದುಕೊಂಡು, ಎಡಗೈಯಲ್ಲಿದ್ದ ಎರಡನ್ನೂ ಬಲಗೈಗೆ ಸುರಿದುಕೊಂಡು ಫೋನು ಹಿಡಿದಳು. ತೆರೆಯ ತುಂಬ ಬೆಳಕು. ಇಲ್ಲಿ ರಾತ್ರೀನೇ ಆಗಲ್ಲಮ್ಮಾ, ನೋಡು, ಎರಡೂವರೆ ಗಂಟೆ, ನೋಡು, ಎಂದು ಶರಣ್ಯಾ ಸರೋವರವನ್ನು ತೋರಿಸಿದಳು, ಮರದ ಕಟ್ಟೆಯನ್ನು ತೋರಿಸಿದಳು, ಈಜಿ ಬಂದ ತನ್ನ ಒದ್ದೆ ತಲೆಯನ್ನು ತೋರಿಸಿದಳು. ಬರಿಗೊರಳು. ಆ ಮನೆಯ ಹೆಲ್ಮಿ, ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವ ದಪ್ಪ ಕೈಗಳ ಹೆಂಗಸು, ಹಿಂದಿನಿಂದ ಬಂದು ಹುಡುಗಿಯ ಹೆಗಲಿಗೆ ಟವೆಲು ಹೊದಿಸಿ, ಕೊರಳ ಹತ್ತಿರ ಎರಡೂ ಅಂಚು ಕೂಡಿಸಿ ಹಿಡಿದುಕೊಂಡಳು. ಏನೋ ಅಂದಳು, ಶರಣ್ಯಾ ಅದೇ ಭಾಷೆಯಲ್ಲಿ ಏನೋ ಅಂದು ನಕ್ಕಳು. ನಕ್ಕದ್ದು ಯಾಕೆಂದು ಅಮ್ಮನಿಗೆ ಹೇಳಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ. ಫೋನು ಇಟ್ಟು ಬಲಗೈ ಬಿಚ್ಚಿದರೆ ಎರಡು, ಎರಡೂ ಒಂದೇ ಕಪ್ಪು, ಒಂದೇ ನುಣುಪು, ಒಂದೇ ಒದ್ದೆ. ಯಾವುದು ಎಡಕ್ಕಿತ್ತು, ಯಾವುದು ಬಲಕ್ಕಿತ್ತು? ಅವತ್ತು ಐದು ನಲವತ್ತರ ಗಾಡಿ ತಪ್ಪಿತು. ಎರಡನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಲ್ಯಾಬಿಗೆ ಒಯ್ದು, ಬಾಗಿಲು ಹಾಕಿಕೊಂಡು, ಮಿಲಿಗ್ರಾಮಿನ ತಕ್ಕಡಿಯಲ್ಲಿ ತೂಗಿದಳು. ಹದಿನಾಲ್ಕು ಮಿಲಿಗ್ರಾಮು ವ್ಯತ್ಯಾಸ ಬಂತು. ಯಾವುದು ಯಾರದೆಂದು ತಕ್ಕಡಿಗೆ ಹೇಗೆ ಗೊತ್ತಾಗಬೇಕು? ಮೊದಲು ತೂಗಿ ಬರೆದಿಟ್ಟವರು ಯಾರು? ಮೂರು ವಾರದ ಮೇಲೆ ವಿಮಾನ ನಿಲ್ದಾಣದಲ್ಲಿ ಎರಡು ಅಂಗುಲ ಉದ್ದವಾಗಿದ್ದ ಹುಡುಗಿ ಅಪ್ಪನನ್ನು ತಬ್ಬುವ ಮೊದಲೇ ಅಮ್ಮನೆದುರು ಕೊರಳು ಬಗ್ಗಿಸಿ ನಿಂತಳು. ಅದನ್ನೇ ಮೊದಲು ಕೇಳುತ್ತಾಳೆಂದು ಉಮಾಮಹೇಶ್ವರಿ ಅಂದುಕೊಂಡಿರಲಿಲ್ಲ. ಒಂದಿಷ್ಟೂ ನಡುಗದ ಕೈಯಿಂದ, ಎರಡರಲ್ಲೊಂದನ್ನು, ಹಾಕಿದಳು.

ಆರು ವರ್ಷ. ಹೇಳಲು ನೂರು ಸಂಜೆಗಳಿದ್ದವು. ಪರೀಕ್ಷೆ ಮುಗಿಯಲಿ, ಜ್ವರ ಬಿಡಲಿ, ಶಿವಶರಣ ಊರಿಗೆ ಹೋಗಲಿ. ಅವನಿಗೆ ಹೇಳಿದರೆ ಮಠ, ಶಾಂತಿ, ಬಂಧುಬಳಗದ ಬಾಯಿ. ಮಗಳಿಗೆ ಹೇಳಿದರೆ ನಕ್ಕುಬಿಡಬಹುದು, ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಈಗ ಆಗಸ್ಟು ಇಪ್ಪತ್ತಕ್ಕೆ ವಿಮಾನ. ಹೇಳಿದರೆ, ಹಾಗಾದರೆ ಎರಡೂ ನಿನ್ನ ಹತ್ತಿರವೇ ಇರಲಿ ಎಂದು ಹಗುರವಾಗಿ ಹೊರಟುಬಿಟ್ಟರೆ? ಹೇಳದಿದ್ದರೆ ಅಮ್ಮನ ಸುಳ್ಳನ್ನು ಎದೆಗೆ ಕಟ್ಟಿಕೊಂಡು ಅಷ್ಟು ದೂರ ಹೋಗುತ್ತಾಳೆ, ಆ ಹೆಲ್ಮಿಯ ಮನೆಯಲ್ಲಿ ಅಂಗೈಯ ಮೇಲೆ ಅದನ್ನಿಟ್ಟುಕೊಂಡು ಕಣ್ಣು ಮುಚ್ಚುತ್ತಾಳೆ. ಶರಣ್ಯಾಳ ಮಂಚ ಇದ್ದಲ್ಲೇ ಇದೆ ಎಂದು ಹೆಲ್ಮಿ ಬರೆದಿದ್ದಾಳಂತೆ. ಹೋದ ವಾರ ಅರ್ಜಿ ತುಂಬುವಾಗ, ಆ ದೇಶದಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ ಎಂಬ ಪ್ರಶ್ನೆಯ ಮೇಲೆ ಶರಣ್ಯಾಳ ಬೆರಳು ನಿಂತದ್ದನ್ನು ಉಮಾಮಹೇಶ್ವರಿ ಹಿಂದಿನಿಂದ, ಒಗೆದ ಬಟ್ಟೆ ಮಡಚುತ್ತ, ನೋಡಿದ್ದಳು. ಇಲ್ಲ ಎಂದು ಒತ್ತುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಶರಣ್ಯಾ ಹೊರಗೆ ಬಂದಾಗ ಹನ್ನೆರಡೂವರೆ. ಹತ್ತೂ ಬೆರಳಿನ ಗುರುತು ತಗೊಂಡರು, ಎಡ ಹೆಬ್ಬೆರಳು ಮೂರು ಸಲ ಒತ್ತಿಸಿದರು, ಪಾತ್ರೆ ತೊಳೆದು ತೊಳೆದು ಗೆರೆ ಸವೆದಿದೆಯೇನೋ ಎಂದು ಕೌಂಟರಿನವಳು ತಮಾಷೆ ಮಾಡಿದಳಂತೆ. ಮನೆಯಲ್ಲಿ ಪಾತ್ರೆ ತೊಳೆಯುವವಳು ಉಮಾಮಹೇಶ್ವರಿ. ಬ್ಯಾಗು ಕೊಟ್ಟಳು, ಮೊಬೈಲು ಕೊಟ್ಟಳು, ಬೀಗದಕೈ, ಬಾಟಲಿ, ಬಿಳಿ ಗುಂಡಿಗಳು. ಕರಡಿಗೆ ಕೊಡಲಿಲ್ಲ. ಶರಣ್ಯಾ ಅಮ್ಮನ ಸೆರಗಿನ ಕಡೆ ನೋಡಿದಳು. ಕೃಷ್ಣರಾಜರಿಗೆ ಕೈಮುಗಿದು ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಲ್ಯಾಬಿಗೆ ಹೋಗಬೇಕಿತ್ತು, ಅರ್ಧ ದಿನದ ರಜೆ ಮುಗಿದಿತ್ತು. ಆದರೂ ಮಗಳ ಜೊತೆ ಮನೆಯ ಕಡೆಯ, ತಾಂಬರಂ ಗಾಡಿಯನ್ನೇ ಹತ್ತಿದಳು.

ಮಧ್ಯಾಹ್ನದ ಹೆಂಗಸರ ಡಬ್ಬಿಯಲ್ಲಿ ಆ ತುದಿಗೆ ಬೇಬಿ ತನ್ನ ಬುಟ್ಟಿಯನ್ನು ತೊಡೆಗೆ ಒರಗಿಸಿಕೊಂಡು ತೂಕಡಿಸುತ್ತಿದ್ದಳು, ಮತ್ತಿಬ್ಬರು ಫೋನಿನಲ್ಲಿದ್ದರು. ಮಾಂಬಲಂ ಹೋಯಿತು, ಸೈದಾಪೇಟೆ ಹೋಯಿತು. ಗಿಂಡಿ ದಾಟಿದ ಮೇಲೆ ಉಮಾಮಹೇಶ್ವರಿ, ಕಾಯಿಲೆಯ ಹೆಸರು ಹೇಳುವವರ ದನಿಯಲ್ಲಿ, "ಶರಣ್ಯಾ, ಇದು ನಿಂದೋ ನಂದೋ ನನಗ ಗೊತ್ತಿಲ್ಲ," ಎಂದಳು.

ಶರಣ್ಯಾ ಮುಷ್ಟಿಯೊಳಗೆ ಇಣುಕಿದಳು. "ನಂದೇ. ನಿನ್ನದು ಸೊಟ್ಟಗಿದೆ."

"ಕರಡಿಗಿ ಅಲ್ಲ. ಒಳಗಿಂದು."

ಹೇಳಿದಳು. ಲೇಪದಿಂದ ಶುರುಮಾಡಿ, ಫೋನು, ಬೆಳಕು, ಬಲಗೈ, ತಕ್ಕಡಿ, ಹದಿನಾಲ್ಕು ಮಿಲಿಗ್ರಾಮು, ಬಗ್ಗಿಸಿದ ಕೊರಳು, ಒಂದನ್ನೂ ಬಿಡದೆ. ತಕ್ಕಡಿಯ ಮಾತು ಬಂದಾಗ ಶರಣ್ಯಾ "ಲ್ಯಾಬ್ ಬ್ಯಾಲೆನ್ಸಲ್ಲಾ? ಸೀರಿಯಸ್ಸಾ ಸೊಲ್ರಿಯಾ, ನಿಜವಾಗ್ಲೂ?" ಎಂದು ನಕ್ಕುಬಿಟ್ಟಳು, ಹೆದರಿದ್ದ ಆ ನಗು ಬಂದು ಹೋಯಿತು, ಏನೂ ಆಗಲಿಲ್ಲ. ಆಮೇಲೆ ಎರಡು ಸ್ಟೇಷನ್ನು ಹೋದವು. ತ್ರಿಶೂಲಂ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಎದುರಿಗೆ ವಿಮಾನ ನಿಲ್ದಾಣದ ಗಾಜು ಬಿಸಿಲಿಗೆ ಉರಿಯುತ್ತಿತ್ತು.

"ಬೀಪ್ ಆದ್ರೂ ತೊಂದರೆಯೇ ಇಲ್ಲಮ್ಮಾ," ಎಂದಳು ಶರಣ್ಯಾ. "ಕಾಲೇಜಿಂದ ಫ್ಲೈಟಲ್ಲಿ ಗುವಾಹಟಿಗೆ ಹೋದಾಗ ಹಾಕ್ಕೊಂಡೇ ಹೋದೆ. ಸೆಕ್ಯುರಿಟಿ ಅಕ್ಕ ಏನಿದು ಅಂದ್ಲು, ಸಾಮಿ ಅಂದೆ, ಪೋ ಅಂದ್ಲು. ಅಷ್ಟೇ."

"ಮತ್ತ ಇವತ್ತ್ಯಾಕ ಬಿಚ್ಚಿ ಕೊಟ್ಟಿ?"

"ನೀನು ಕೈ ನೀಡ್ಕೊಂಡೇ ಇದ್ಯಲ್ಲ."

ಗಾಡಿ ಹೊರಟಿತು. ಉಮಾಮಹೇಶ್ವರಿ ತನ್ನ ಎಡಗೈಯನ್ನು ನೋಡಿಕೊಂಡಳು. ಬೇರೆಯವರ ಕೈಯನ್ನು ನೋಡಿದ ಹಾಗಿತ್ತು. ಇಷ್ಟು ವರ್ಷ ತಾನು ಕಾದಿಟ್ಟುಕೊಂಡು ಬಂದ ತಪ್ಪು, ಆ ಅದಲುಬದಲು, ಅದು ಹೊರಗಿನ ಲೇಪ ಮಾತ್ರವಾಗಿತ್ತು. ಬಿರುಕು ಬಿಟ್ಟು ಒಳಗಿನದು ಕಾಣಿಸಿತು. ಹೇಳಿಬಿಡುವುದು ಈಗ ಕಷ್ಟವೆನಿಸಲಿಲ್ಲ.

"ಬೀಪ್ ಅಂದಿದ್ದು ಸುಳ್ಳು," ಎಂದಳು. "ನೀ ವಾಪಸ್ ಬರಲಿ ಅಂತ ಇಟ್ಕೊಂಡೆ. ಒತ್ತೆ ಇಟ್ಕೊಂಡಂಗ."

"ತೆರಿಯುಂ."

"ಯಾವಾಗಿಂದ ಗೊತ್ತು?"

"ಅವತ್ತಿಂದ. ಅಪ್ಪ ಟ್ರಾಲಿ ನೋಡ್ತಿದ್ದರಲ್ಲ, ಆಗಲೇ." ಶರಣ್ಯಾ ಕಿಟಕಿಯ ಸರಳು ಹಿಡಿದುಕೊಂಡಿದ್ದಳು. "ಬಟ್ ನಾನು ಅದಕ್ಕೋಸ್ಕರ ಬರಲಿಲ್ಲಮ್ಮಾ. ವೀಸಾ ಮುಗಿದುಹೋಯ್ತು, ಬಂದೆ."

ಇಬ್ಬರಿಗೂ ಒಟ್ಟಿಗೇ ನಗು ಬಂತು, ಬೇಡವೆಂದರೂ ಬರುವಂಥ ನಗು. ಬೇಬಿ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. ನಗು ನಿಂತ ಮೇಲೆ ಶರಣ್ಯಾ ಹೇಳಿದ್ದು ಮೆಲ್ಲಗಿತ್ತು. ಆ ವರ್ಷ ಚಳಿಗಾಲ ಬರುವವರೆಗೆ ದಿನಾ ಬೆಳಿಗ್ಗೆ ಸರೋವರದ ದಂಡೆಯ ಒಂದು ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳಂತೆ. ಹೆಲ್ಮಿ ಏನೆಂದು ಕೇಳಲಿಲ್ಲ, ಆ ಹೊತ್ತಿಗೆ ರೇಡಿಯೋ ಬಂದ್ ಮಾಡುತ್ತಿದ್ದಳು. ಆಮೇಲೊಂದು ದಿನ ಕಲ್ಲನ್ನು ನೀರಿಗೆ ಹಾಕಿದೆ, ಏನೂ ಅನಿಸಲಿಲ್ಲ, ಅದಕ್ಕೇ ಭಯ ಆಯ್ತು ಎಂದಳು. ಬಂದ ದಿನ ಕೊರಳು ಬಗ್ಗಿಸಿದ್ದು ಆ ಭಯಕ್ಕೆ. ಉಮಾಮಹೇಶ್ವರಿ ಕಲ್ಲು ಎಷ್ಟು ದೊಡ್ಡದಿತ್ತು ಎಂದು ಕೇಳಿದಳು. ಯಾಕೆ ಕೇಳಿದೆನೆಂದು ತಿಳಿಯಲಿಲ್ಲ.

ಕ್ರೋಂಪೇಟೆ ಬಂತು. "ತೆಗಿ," ಎಂದಳು ಶರಣ್ಯಾ, "ನಿಂದೂ ತೆಗಿ. ಈ ಸಲ ನಾನೇ ತಗೋತೀನಿ."

"ಇಲ್ಲೇನ? ಗಾಡ್ಯಾಗ? ಮಂದಿ ಎದುರಿಗೆ?"

"ಸೆರಗು ಮುಚ್ಚು."

ಮನೆಗೆ ಹೋಗೋಣ, ಮಿಂದು, ಮಣೆಯ ಮೇಲೆ ಕೂತು, ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಮನೆಗೆ ಹೋದರೆ ಮಣೆ ಹಾಕುವವಳು ತಾನು, ಬಾಗಿಲು ಹಾಕುವವಳು ತಾನು, ಕೊಡುವ ಕೈ ಮತ್ತೆ ತನ್ನದೇ. ಕೊರಳಿಂದ ತನ್ನದನ್ನು ತೆಗೆದಳು. ಮಡಿಲಿನಲ್ಲಿ ಸೆರಗಿನ ಕೆಳಗೆ ಎರಡೂ ಕರಡಿಗೆಯ ಮುಚ್ಚಳ ತೆಗೆದು, ಬಟ್ಟೆ ಬಿಚ್ಚಿ, ಎರಡನ್ನೂ ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಆ ಇಡೀ ವರ್ಷದ ಬೆಳಗುಗಳ ಭಾರ ಅಂಗೈಗೆ ನೆನಪಿತ್ತು. ಎರಡು ಇಟ್ಟೊಡನೆ ಕೈ ತಾನಾಗಿ ಬಟ್ಟಲಾಯಿತು. ಗಾಡಿ ತೂಗುತ್ತಿತ್ತು. ಸೆರಗಿನ ಅಂಚಿನಿಂದ ಮಗಳ ಕೈ ಒಳಗೆ ಬಂತು, ವೀಸಾ ಕೇಂದ್ರದ ಸ್ಯಾನಿಟೈಸರಿನ ವಾಸನೆಯ ಕೈ. ಶರಣ್ಯಾ ಕೆಳಗೆ ನೋಡಲಿಲ್ಲ, ಎದುರಿನ ಖಾಲಿ ಸೀಟು ನೋಡುತ್ತಿದ್ದಳು. ಬೆರಳುಗಳು ಒಂದನ್ನು ಮುಟ್ಟಿದವು, ಬಿಟ್ಟವು, ಇನ್ನೊಂದನ್ನು ಮುಟ್ಟಿದವು, ತಾಯಿಯ ಹೆಬ್ಬೆರಳನ್ನು ಮುಟ್ಟಿದವು, ಮೊದಲನೆಯದಕ್ಕೆ ತಿರುಗಿ ಬಂದವು. ತೆಗೆದುಕೊಂಡವು.

"ಅದೇ ಅಂತ ಹೆಂಗ ಗೊತ್ತಾತು?"

"ಗೊತ್ತಾಗಲಿಲ್ಲ. ತಗೊಂಡೆ."

ಉಳಿದದ್ದನ್ನು ಉಮಾಮಹೇಶ್ವರಿ ಬಟ್ಟೆಯಲ್ಲಿ ಸುತ್ತಿ ಸೊಟ್ಟ ಕರಡಿಗೆಯಲ್ಲಿಟ್ಟು ಮುಚ್ಚಿದಳು. ಅದನ್ನು ಅಂಗೈಯಲ್ಲಿ ಎತ್ತಿಳಿಸಿ ನೋಡಬೇಕೆನಿಸಿತು, ನೋಡಲಿಲ್ಲ. ಪಕ್ಕದಲ್ಲಿ ಶರಣ್ಯಾ ಶಿವದಾರವನ್ನು ತಾನೇ ಕೊರಳಿಗೆ ಹಾಕಿಕೊಂಡು, ಕೂದಲು ಬಿಡಿಸಿಕೊಂಡು, ಕುರ್ತಾದೊಳಗೆ ಇಳಿಬಿಟ್ಟಳು. ಒಂದೇ ಸಲ ಎದೆ ಮುಟ್ಟಿಕೊಂಡಳು.

ತಾಂಬರಂ ಬರುತ್ತಿದ್ದ ಹಾಗೆ ಬೇಬಿ ಎದ್ದು, ಬುಟ್ಟಿಯನ್ನು ಸೊಂಟಕ್ಕೇರಿಸಿ ಬಾಗಿಲ ಹತ್ತಿರ ಬಂದಳು. ಒಂದು ಪೇರಳೆಹಣ್ಣನ್ನು ನಾಲ್ಕಾಗಿ ಸೀಳಿ ಖಾರಪುಡಿ ಸವರಿ ಶರಣ್ಯಾಳ ಕೈಗಿಟ್ಟಳು. ಹೋದ ಕೆಲಸ ಆಯಿತಾ ಎಂದು ಉಮಾಮಹೇಶ್ವರಿಯನ್ನು ಕೇಳಿದಳು, ಇವಳು ಆಯಿತು ಎಂದಳು. ಮತ್ತೆ, ಬೆಳಗಿನದು ಸಾಲದೆಂಬಂತೆ, ಬೇಬಿ "ಪಾಪ್ಪಾ ತಿರುಂಬಿ ವರುಮಿಲ್ಲೆ ಅಕ್ಕಾ?" ಎಂದಳು, ತಿರುಗಿ ಬರುತ್ತದಲ್ಲ?

ಗಾಡಿ ಇನ್ನೂ ಪೂರಾ ನಿಂತಿರಲಿಲ್ಲ. ಉಮಾಮಹೇಶ್ವರಿ ಸೆರಗು ಸರಿಪಡಿಸಿಕೊಂಡು, ಇಪ್ಪತ್ತೆರಡು ವರ್ಷ ರಿಪೋರ್ಟು ಓದಿದ ಅದೇ ಗಟ್ಟಿ ದನಿಯಲ್ಲಿ, "ತೆರಿಯಲೆ ಬೇಬಿ," ಎಂದಳು, ಗೊತ್ತಿಲ್ಲ. ಮಗಳು ಅಗಿಯುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಆಮೇಲೆ ಹಣ್ಣಿನ ಎರಡು ಹೋಳುಗಳನ್ನು ಅವಳ ಕಡೆ ನೀಡಿದಳು, ಉಮಾಮಹೇಶ್ವರಿ ಒಂದನ್ನು ತೆಗೆದುಕೊಂಡಳು.